ನೆಲ ಡೊಂಕು

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ನಾವೆಲ್ಲರೂ ಅದನ್ನು ಪರರ ಮೇಲೆ ಪ್ರಯೋಗಿಸಿ ಸುಖಪಟ್ಟವರೇ. ನಪಾಸಾದವನು ಪ್ರಶ್ನೆಪತ್ರಿಕೆಯನ್ನು ಬೈದರೆ, ಸೊನ್ನೆಗೆ ಔಟಾದವನು ಪಿಚ್ಚನ್ನು ಬೈದರೆ, ಸಾರು ಕೆಡಿಸಿದವಳು ಬೇಳೆಯನ್ನು ಬೈದರೆ, ಈ ಗಾದೆ ತಾನಾಗಿಯೇ ನಾಲಗೆಯ ತುದಿಗೆ ಬಂದು ಕುಳಿತುಬಿಡುತ್ತದೆ. ನನಗೂ ಹಾಗೆಯೇ ಬರುತ್ತಿತ್ತು. ಆದರೆ ಹೋದ ವರ್ಷದಿಂದೀಚೆಗೆ ನಾನು ಅದನ್ನು ಯಾರ ಮೇಲೂ ಪ್ರಯೋಗಿಸುತ್ತಿಲ್ಲ. ಏಕೆಂಬುದನ್ನು ಹೇಳುವುದಕ್ಕಾಗಿಯೇ ಈ ನಾಲ್ಕು ಪುಟಗಳು. ಇದರಲ್ಲಿ ಕುಣಿತವೂ ಬರುತ್ತದೆ, ನೆಲವೂ ಬರುತ್ತದೆ. ಡೊಂಕು ಯಾವುದೆಂಬುದನ್ನು ಓದುಗರೇ ನಿರ್ಣಯಿಸಬೇಕು.

ನಾನು ಕುಣಿಯುವ ಕುಲದವನಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಗಣಪತಿ ಬಿಡುವ ದಿನ ತಮಟೆಯ ಮುಂದೆ ಬೀದಿಯ ಹುಡುಗರೆಲ್ಲ ಮೈಮರೆತು ಕುಣಿಯುತ್ತಿದ್ದರೆ, ಅವರ ಚಪ್ಪಲಿಗಳನ್ನೂ ಮೊಬೈಲುಗಳನ್ನೂ ಕಾಯುವ ಕೆಲಸ ನನ್ನದು. ವರ್ಷ ವರ್ಷವೂ ಈ ಜವಾಬ್ದಾರಿಯನ್ನು ಎಷ್ಟು ಪ್ರಾಮಾಣಿಕವಾಗಿ ನಿರ್ವಹಿಸಿದೆನೆಂದರೆ, ನನ್ನನ್ನು ಕುಣಿಯಲು ಕರೆಯಬೇಕೆಂಬುದೇ ಅವರಿಗೆ ಮರೆತುಹೋಯಿತು.

ಹೀಗಿರಲು, ಮೊದಲನೆಯ ಬಿ.ಎ. ತರಗತಿಯಲ್ಲಿದ್ದಾಗ ನಮ್ಮ ಇತಿಹಾಸದ ಅಧ್ಯಾಪಕರು ನಮ್ಮನ್ನೆಲ್ಲ ಕೋಟೆಗೆ ಕರೆದೊಯ್ದರು. ಚಿತ್ರದುರ್ಗದಲ್ಲಿ ಹುಟ್ಟಿದವನಿಗೆ ಏಳು ಸುತ್ತಿನ ಕೋಟೆಯೆಂದರೆ ಅಜ್ಜನ ಮನೆಯ ಅಂಗಳವಿದ್ದಂತೆ. ಅದನ್ನು ನೋಡಲು ಹೋಗುವುದೆಂದರೇನು ಎಂದು ನಾನು ತಾತ್ಸಾರ ಮಾಡಿದ್ದೆ. ಓಬವ್ವನ ಕಿಂಡಿಯವರೆಗೆ ಹೇಗೋ ಬಂದೆ. ಅಲ್ಲಿಂದ ಮುಂದಕ್ಕೆ ಬಂಡೆಗಳು ನನ್ನನ್ನು ಒಪ್ಪಲಿಲ್ಲ. ಎದೆ ಡವಡವ ಬಡಿಯಿತು, ಕಣ್ಣು ಕತ್ತಲೆಗಟ್ಟಿತು, ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ. ನಿವೃತ್ತಿಗೆ ಇನ್ನೆರಡೇ ವರ್ಷ ಉಳಿದಿದ್ದ ನಮ್ಮ ಗುರುಗಳು ಕೊಡೆಯನ್ನು ಊರಿಕೊಂಡು ಸರಸರನೆ ಮೇಲೇರಿದವರು ತಿರುಗಿ ನೋಡಿ ಹೇಳಿದರು: "ಏನಪ್ಪಾ, ಮದಕರಿನಾಯಕರ ಹತ್ತಿರ ನಿನ್ನಂಥ ಕಾವಲುಗಾರರು ಹತ್ತು ಜನ ಇದ್ದಿದ್ದರೆ ಸಾಕಾಗಿತ್ತು, ಪಾಪ, ಹೈದರಾಲಿ 1779ರವರೆಗೆ ಕಾಯಬೇಕಾಗಿರಲಿಲ್ಲ!" ತರಗತಿಯೆಲ್ಲ ನಕ್ಕಿತು. ನಾನೂ ನಗಬೇಕೆಂದೆ, ಅದಕ್ಕೂ ಉಸಿರು ಸಾಲಲಿಲ್ಲ.

ಹತ್ತೊಂಬತ್ತು ವರ್ಷದ ಮೈಗೆ ಇದು ಮರ್ಯಾದೆಯಲ್ಲ ಎಂದು ಆ ರಾತ್ರಿ ನಿಶ್ಚಯಿಸಿದೆ. ಬೆಳಿಗ್ಗೆ ಐದಕ್ಕೆ ಎದ್ದು ಓಡುವುದೆಂದು ಸಂಕಲ್ಪ ಮಾಡಿದೆ. ಎರಡು ದಿನ ಓಡಿದೆ. ಮೂರನೆಯ ದಿನ ಬೀದಿನಾಯಿಗಳು ನನಗಿಂತ ಚೆನ್ನಾಗಿ ಓಡಿದವು. ವ್ಯಾಯಾಮಶಾಲೆಗೆ ಸೇರೋಣವೆಂದರೆ ತಿಂಗಳ ಶುಲ್ಕ ನನ್ನ ಪುಸ್ತಕದ ಖರ್ಚನ್ನು ಮೀರುತ್ತಿತ್ತು. ಒಳ್ಳೆಯದೆಂದು ಹೇಳಿ ಮಾಡಿಸಹೊರಟರೆ ಈ ದೇಹವೆಂಬುದು ಮೊಂಡು ಹುಡುಗನಂತೆ ಕುಳಿತುಬಿಡುತ್ತದೆ. ಅದೇ ಹುಡುಗನ ಎದುರು ಒಂದು ಚೆಂಡನ್ನು ಉರುಳಿಸಿ ನೋಡಿ. ಕರೆಯದೆಯೇ ಎದ್ದು ಓಡುತ್ತಾನೆ. ಈ ಸಣ್ಣ ಸತ್ಯ ನನಗೆ ತಿಳಿದದ್ದು ಬೇಸಗೆಯ ರಜದಲ್ಲಿ, ಬೆಂಗಳೂರಿನಲ್ಲಿ.

ಬೆಂಗಳೂರಿನಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ. ಅವಳ ಮಗ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಅವನು ಹಳೆಯ ಆಟದ ಯಂತ್ರಗಳನ್ನು ಕೂಡಿಹಾಕುವ ಶೋಕಿಯವನು. ಅವುಗಳ ಪೈಕಿ ನಿಂಟೆಂಡೊ ಎಂಬವರ 'ವೀ' ಎಂಬ ಯಂತ್ರವೊಂದಿತ್ತು. ಅದರಲ್ಲಿ 'ಜಸ್ಟ್ ಡ್ಯಾನ್ಸ್' ಎಂಬ ಆಟ. ಟಿವಿಯ ಪರದೆಯ ಮೇಲೆ ಒಂದು ಆಕೃತಿ ಹಾಡಿಗೆ ಕುಣಿಯುತ್ತದೆ. ನಾವು ಒಂದು ಸಣ್ಣ ಕೋಲಿನಂಥ ಸಾಧನವನ್ನು ಬಲಗೈಯಲ್ಲಿ ಹಿಡಿದು, ಕನ್ನಡಿಯ ಮುಂದೆ ನಿಂತವರಂತೆ ಅದನ್ನು ಅನುಕರಿಸಬೇಕು. ಸರಿಯಾಗಿ ಮಾಡಿದಷ್ಟೂ ಅಂಕ. ಕೋಣೆಯ ಬಾಗಿಲು ಹಾಕಿತ್ತು. ಚಪ್ಪಲಿ ಕಾಯುವ ಅಗತ್ಯವಿರಲಿಲ್ಲ. ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಕುಣಿದೆ.

ಮೂರನೆಯ ದಿನಕ್ಕೆ ಯಂತ್ರದ ಗುಟ್ಟು ನನಗೆ ತಿಳಿಯಿತು. ಅದು ನೋಡುವುದು ಬಲಗೈಯ ಬೀಸನ್ನು ಮಾತ್ರ. ಕೋಲಿನೊಳಗೆ ಚಲನೆಯನ್ನು ಅಳೆಯುವ ಉಪಕರಣವೊಂದಿದೆ. ಎಡಗೈ ಎಲ್ಲಿದೆ, ಕಾಲು ಎದ್ದಿದೆಯೇ ಮಲಗಿದೆಯೇ ಎಂಬುದು ಅದಕ್ಕೆ ಬೇಕಿಲ್ಲ. ನಾನು ಸೋಫಾದ ಮೇಲೆ ಒರಗಿ, ಎಡಗೈಯಲ್ಲಿ ಕೋಡುಬಳೆ ತಿನ್ನುತ್ತ, ಬಲಗೈಯನ್ನು ಮಾತ್ರ ಬೀಸುತ್ತ ನನ್ನಣ್ಣನಿಗಿಂತ ಹೆಚ್ಚು ಅಂಕ ಗಳಿಸಿದೆ. ಅದನ್ನು ನೋಡಿದ ಚಿಕ್ಕಮ್ಮ ಒಂದೇ ಮಾತು ಅಂದಳು: "ಆ ಯಂತ್ರ ನಿನ್ನ ಕೈಯೊಂದನ್ನೇ ನೋಡ್ತಿರಬಹುದು ಕಣಪ್ಪ, ನಿನ್ನ ಹೊಟ್ಟೆ ಎಲ್ಲಾನೂ ನೋಡ್ತಾ ಇದೆ." ಕೋಡುಬಳೆಯ ತಟ್ಟೆ ಅಡಿಗೆಮನೆಗೆ ಹೋಯಿತು.

ಈ ಆಟಗಳ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು. ಜಪಾನಿನ ಕೊನಾಮಿ ಕಂಪನಿಯವರು 1998ರಲ್ಲಿ 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್' ಎಂಬ ಯಂತ್ರವನ್ನು ಆಟದ ಅಂಗಡಿಗಳಲ್ಲಿ ನಿಲ್ಲಿಸಿದರು. ಅದರ ಮುಂದೆ ಒಂದು ಜಗಲಿ. ಜಗಲಿಯ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಬಾಣ. ಪರದೆಯ ಕೆಳಗಿನಿಂದ ಬಾಣಗಳು ಏರುತ್ತ ಬರುತ್ತವೆ. ಅವು ಮೇಲಿನ ಗುರುತಿನೊಡನೆ ಕೂಡುವ ಕ್ಷಣಕ್ಕೆ ಸರಿಯಾಗಿ ಆಯಾ ದಿಕ್ಕಿನ ಬಾಣವನ್ನು ಕಾಲಿನಿಂದ ತುಳಿಯಬೇಕು. ಮರುವರ್ಷವೇ, 1999ರಲ್ಲಿ, ಇದು ಪ್ಲೇಸ್ಟೇಷನ್ ಯಂತ್ರದ ಮೂಲಕ ಮನೆಗೂ ಬಂತು. ಜಗಲಿಯ ಬದಲು ಸುತ್ತಿಡಬಹುದಾದ ಚಾಪೆ. ಅಮೆರಿಕದ ವೆಸ್ಟ್ ವರ್ಜೀನಿಯ ರಾಜ್ಯವು 2006ರಲ್ಲಿ ತನ್ನ 765 ಸರ್ಕಾರಿ ಶಾಲೆಗಳಲ್ಲೂ ಮಕ್ಕಳ ವ್ಯಾಯಾಮಕ್ಕಾಗಿ ಈ ಆಟವನ್ನು ಇಡುವ ಯೋಜನೆಯನ್ನು ಪ್ರಕಟಿಸಿತೆಂದರೆ ಇದರ ಮಹಿಮೆಯನ್ನು ಊಹಿಸಬಹುದು. ಯೂಬಿಸಾಫ್ಟ್ ಎಂಬ ಕಂಪನಿಯವರ 'ಜಸ್ಟ್ ಡ್ಯಾನ್ಸ್' ಬಂದದ್ದು 2009ರಲ್ಲಿ. 2010ರಲ್ಲಿ ಮೈಕ್ರೊಸಾಫ್ಟಿನವರು 'ಕಿನೆಕ್ಟ್' ಎಂಬ ಸಾಧನವನ್ನು ತಂದರು. ಅದಕ್ಕೆ ಕೋಲೂ ಬೇಡ, ಚಾಪೆಯೂ ಬೇಡ. ತನ್ನ ಕ್ಯಾಮೆರಾ ಕಣ್ಣಿನಿಂದ ಇಡೀ ಮೈಯನ್ನೇ ನೋಡುತ್ತಿತ್ತು. ಅದರ ತಯಾರಿಕೆ 2017ರಲ್ಲಿ ನಿಂತಿತು. ಹೀಗೆ ಕೈ ನೋಡುವುದೊಂದು, ಕಾಲು ನೋಡುವುದೊಂದು, ಮೈ ನೋಡುವುದೊಂದು. ಇವು ಮೂರೂ ನೋಡಲಾರದ ವಸ್ತುವೊಂದಿದೆ. ಅದರ ಮಾತು ಮುಂದೆ ಬರುತ್ತದೆ.

ಕೈ ನೋಡುವ ಯಂತ್ರಕ್ಕೆ ನಾನು ಮೋಸ ಮಾಡಿಯೇ ತೀರುವೆನೆಂದು ಅರಿತ ನನ್ನಣ್ಣ, ತನ್ನ ಬಳಿ ಉಪಯೋಗವಿಲ್ಲದೆ ಬಿದ್ದಿದ್ದ ಕಾಲು ನೋಡುವ ಚಾಪೆಯನ್ನು ನನಗೆ ಕೊಟ್ಟು ಕಳುಹಿಸಿದ. ಅದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. "ಯಾರ ಮದುವೆಗಪ್ಪಾ ಚಾಪೆ?" ಎಂದ ಕಂಡಕ್ಟರು. "ನನ್ನದೇ" ಎಂದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಟಿಕೆಟು ಹರಿದ.

ನಮ್ಮ ಮನೆಯಲ್ಲಿ ಅಕ್ಕ ಓದುವಾಗ ಕೊಂಡ ಒಂದು ಹಳೆಯ ಕಂಪ್ಯೂಟರಿದೆ. 'ಸ್ಟೆಪ್‌ಮೇನಿಯಾ' ಎಂಬ ತಂತ್ರಾಂಶವನ್ನು ಉತ್ಸಾಹಿಗಳು ಸೇರಿ ಬರೆದು ಉಚಿತವಾಗಿ ಹಂಚಿದ್ದಾರೆ. ಜಪಾನಿನ ಆ ಬಾಣದ ಆಟವನ್ನೇ ಸಾಮಾನ್ಯ ಕಂಪ್ಯೂಟರಿನಲ್ಲಿ ಆಡಿಸುವಂಥದು. ಅದರ ದೊಡ್ಡ ಗುಣವೆಂದರೆ, ನಮಗೆ ಬೇಕಾದ ಹಾಡಿಗೆ ನಾವೇ ಬಾಣಗಳನ್ನು ಜೋಡಿಸಿಕೊಳ್ಳಬಹುದು. ಅದನ್ನು ತುಂಬಿ, ಚಾಪೆಯ ತಂತಿಯನ್ನು ಸಿಕ್ಕಿಸಿ ನಿಂತೆ.

ನಿಂತೆ ಎನ್ನುವುದು ಸುಲಭ. ಎಡಬಾಣ ಬಂದಾಗ ಬಲಕ್ಕೆ ತುಳಿದೆ. ಮುಂದಿನದು ಬಂದಾಗ ಟಿವಿಯ ಮೇಜನ್ನು ತುಳಿದೆ. ಹೊಸಬರೆಲ್ಲರೂ ಮಾಡುವ ತಪ್ಪೊಂದಿದೆ: ಪ್ರತಿ ಹೆಜ್ಜೆಯ ಬಳಿಕವೂ ಕಾಲನ್ನು ಚಾಪೆಯ ನಡುವಿಗೆ ಹಿಂದಕ್ಕೆ ತರುವುದು. ಮದುವೆಯಾದ ಹೊಸದರಲ್ಲಿ ಹೆಣ್ಣುಮಗಳು ಮಾತುಮಾತಿಗೆ ತವರಿಗೆ ಓಡಿಬರುವಂತೆ. ಹಾಗೆ ಮಾಡಿದರೆ ದುಡಿಮೆ ಇಮ್ಮಡಿ, ಫಲ ಅರ್ಧ. ತುಳಿದ ಕಾಲು ತುಳಿದಲ್ಲಿಯೇ ಇರಬೇಕು, ಇನ್ನೊಂದು ಕಾಲು ಮುಂದಿನದನ್ನು ಹುಡುಕಬೇಕು. ಇದನ್ನು ಕಲಿಯಲು ನನಗೆ ಒಂದು ವಾರ ಹಿಡಿಯಿತು. ಪ್ರತಿ ಹೆಜ್ಜೆಗೂ ಪರದೆಯ ಮೇಲೆ ತೀರ್ಪು ಬೀಳುತ್ತದೆ: ಪರ್ಫೆಕ್ಟ್, ಗ್ರೇಟ್, ಗುಡ್, ತಪ್ಪಿದರೆ ಮಿಸ್. ಹಳೆಯ ಆಟದಲ್ಲಿ 'ಬೂ' ಎಂಬುದೂ ಇದೆ. ನಾನು ಕಷ್ಟಪಟ್ಟು ಸಂಪಾದಿಸಿದ ಬೂಗಳನ್ನು ಪೋಣಿಸಿದ್ದರೆ ಕೋಟೆಯ ಏಳೂ ಸುತ್ತಿಗೆ ಹಾರವಾಗುತ್ತಿತ್ತು.

ನಾವಿರುವುದು ಬಾಡಿಗೆಯ ಮನೆಯ ಮೇಲಂತಸ್ತಿನಲ್ಲಿ. ಮೊದಲನೆಯ ಸಂಜೆಯೇ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದು ಅಮ್ಮನನ್ನು ಕೇಳಿದರು: "ಏನವ್ವಾ, ಹಬ್ಬ ಇನ್ನೂ ದೂರ ಐತೆ, ಈಗಲೇ ಅವಲಕ್ಕಿ ಕುಟ್ತಿದ್ದೀರಾ?" ಅಮ್ಮ ನನ್ನ ಕಡೆ ಬೆರಳು ತೋರಿಸಿದಳು. ಅಂದಿನಿಂದ ಚಾಪೆಯ ಅಡಿಗೆ ನಾಲ್ಕು ಗೋಣಿಚೀಲ, ಅದರ ಮೇಲೊಂದು ಹಳೆಯ ಕಂಬಳಿ ಬಂತು. ಆಟದ ವೇಳೆಯೂ ಸಂಜೆ ಆರರಿಂದ ಏಳರೊಳಗೆಂದು ಗೊತ್ತಾಯಿತು. ಅಜ್ಜಿ ಆ ಹೊತ್ತಿಗೆ ದೇವಸ್ಥಾನಕ್ಕೆ ಹೋಗುತ್ತಾರೆ.

ಇನ್ನು ನಮ್ಮ ತಂದೆಯವರ ವಿಷಯ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತರಾದವರು. ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ದಿನವೂ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಆದರೆ ನಮ್ಮೂರಿನಲ್ಲಿ ಕೆಲಸವಿಲ್ಲದೆ ನಡೆಯುವ ಮನುಷ್ಯನನ್ನು ಯಾರು ಸುಮ್ಮನೆ ಬಿಡುತ್ತಾರೆ? ಹತ್ತು ಹೆಜ್ಜೆಗೊಬ್ಬ ಹಳೆಯ ಶಿಷ್ಯ ಗಾಡಿ ನಿಲ್ಲಿಸಿ, "ಏನ್ ಮೇಷ್ಟ್ರೇ, ಶುಗರ್ರಾ? ಎಷ್ಟಿದೆ?" ಎಂದು ಕೇಳುತ್ತಿದ್ದ. ನಲವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟ ಮನುಷ್ಯನಿಗೆ ಬೀದಿಯಲ್ಲಿ ನಿಂತು ತನ್ನ ಅಂಕ ಹೇಳುವುದು ಸರಿಬೀಳಲಿಲ್ಲ. ನಡೆಯುವುದನ್ನು ಬಿಟ್ಟರು. ಕುರ್ಚಿ, ಪತ್ರಿಕೆ, ಮೌನ. ಇವಿಷ್ಟೇ ಅವರ ದಿನಚರಿಯಾಯಿತು.

ಆ ಕುರ್ಚಿಯಿಂದಲೇ ಒಂದು ಸಂಜೆ ದನಿ ಬಂತು: "ತಾಳ ತಪ್ತಾ ಇದೀಯಲ್ಲೋ. ಒಂದೊಂದು ಹೆಜ್ಜೇನೂ ತಡ." ಅಪ್ಪ ಪರದೆಯ ಕಡೆ ನೋಡಿಯೇ ಇರಲಿಲ್ಲ, ಪತ್ರಿಕೆಯ ಮರೆಯಿಂದ ನನ್ನ ಕಾಲಿನ ಸದ್ದನ್ನು ಮಾತ್ರ ಕೇಳಿ ಹೇಳಿದ್ದರು. ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಅವರಿಗೆ ಹೇಗೆ ತಿಳಿಯಿತೆಂಬುದಕ್ಕೆ ಕಾರಣವುಂಟು. ಹೊಸದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಹರೆಯದಲ್ಲಿ ಬಯಲಾಟ ಕುಣಿದವರು. ನಮ್ಮ ಸೀಮೆಯ ಮೂಡಲಪಾಯದ ಆಟವೆಂದರೆ ಭಾಗವತರು, ಮದ್ದಳೆ, ತಾಳ, ಮುಖವೀಣೆಗಳೊಡನೆ ರಾತ್ರಿಯೆಲ್ಲ ನಡೆದು ಬೆಳಗಿಗೆ ಮುಗಿಯುವಂಥದು. 'ಕರಿಭಂಟನ ಕಾಳಗ'ದಲ್ಲಿ ಅವರು ವೇಷ ಕಟ್ಟಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ಮೇಷ್ಟ್ರ ಕೆಲಸ ಸಿಕ್ಕಿದ ಮೇಲೆ ಗೆಜ್ಜೆ ಅಟ್ಟ ಸೇರಿತು. ಅವರು ಕುಣಿದದ್ದನ್ನು ನಾನೂ ನೋಡಿಲ್ಲ, ಅಮ್ಮನೂ ನೋಡಿಲ್ಲ.

"ಬೇಕಾದರೆ ನೀವೇ ತುಳಿದು ತೋರಿಸಿ ಅಪ್ಪಾ" ಎಂದೆ, ಸ್ವಲ್ಪ ಹಟದಿಂದಲೇ. ಆಶ್ಚರ್ಯವೆಂದರೆ, ಅವರು ಎದ್ದರು. ಪಂಚೆಯನ್ನು ಮೇಲಕ್ಕೆ ಕಟ್ಟಿ ಚಾಪೆಯ ಮೇಲೆ ನಿಂತರು. ಎಲ್ಲಕ್ಕಿಂತ ನಿಧಾನವಾದ ಹಾಡೊಂದನ್ನು ಹಾಕಿದೆ. ಮೊದಲು ಎಲ್ಲವೂ ಮಿಸ್. ಆಮೇಲೆ ಅಲ್ಲೊಂದು ಇಲ್ಲೊಂದು ಗುಡ್ ಬಿತ್ತು. "ಗುಡ್ಡು ಅಂದರೆ ಹತ್ತಕ್ಕೆ ಎಷ್ಟು?" ಎಂದು ಕೇಳಿದರು. ಅಷ್ಟರಲ್ಲಿ ಹಾಡು ಮುಗಿಯಿತು. ಈ ಆಟದ ಹಾಡುಗಳು ಸಾಮಾನ್ಯವಾಗಿ ಒಂದೂವರೆ ನಿಮಿಷದವು. ಮೂಲ ಹಾಡನ್ನು ಕತ್ತರಿಸಿ ಇಟ್ಟಿರುತ್ತಾರೆ. ರಾತ್ರಿಯೆಲ್ಲ ಕುಣಿದವರಿಗೆ ಇದು ಅನ್ಯಾಯವಾಗಿ ಕಂಡಿತು. "ಇದೇನೋ, ಪದ ಅರ್ಧಕ್ಕೇ ನಿಂತುಹೋಯ್ತು! ಮುಕ್ತಾಯಾನೇ ಇಲ್ಲವಲ್ಲೋ!" ಎಂದು ಇನ್ನೊಂದು ಹಾಕಿಸಿದರು.

ಅಂದಿನಿಂದ ಸಂಜೆಯ ಆಟಕ್ಕೆ ಇಬ್ಬರಾದೆವು. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ದೇಹಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆಯೆಂದು ನಾನು ಓದಿ ಹೇಳಿದೆ. ಗಣಿತದ ಮೇಷ್ಟ್ರು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿದರು: ಹಾಡಿಗೆ ಒಂದೂವರೆ ನಿಮಿಷದಂತೆ 150 ನಿಮಿಷಕ್ಕೆ ನೂರು ಹಾಡು, ವಾರಕ್ಕೆ ಐದು ದಿನವೆಂದರೆ ದಿನಕ್ಕೆ ಇಪ್ಪತ್ತು. ಮಧ್ಯಮ ಮಟ್ಟವೆಂದರೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು; ಇದು ಸುಲಭವಾದ ಗುರುತು. ಅಪ್ಪ ಕುಣಿಯುತ್ತಲೇ ನನ್ನನ್ನು ಬೈಯುತ್ತಿದ್ದುದರಿಂದ ಮೊದಲನೆಯ ಅರ್ಧ ಸಾಬೀತಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಮ್ಮ ಮನೆಯಲ್ಲಿ ಬಹಳ ದಿನಗಳ ಮೇಲೆ ಮಾತು ಶುರುವಾಗಿತ್ತು.

ಒಂದು ವಿಚಿತ್ರವನ್ನು ಮಾತ್ರ ನಾನು ಗಮನಿಸಿದೆ. ಎರಡು ವಾರ ಕಳೆದರೂ ಅಪ್ಪ ಪರದೆಯನ್ನು ನೋಡುತ್ತಿರಲಿಲ್ಲ; ಕಾಲನ್ನೇ ನೋಡುತ್ತಿದ್ದರು. ತಲೆಯೆತ್ತಿ ಬಾಣವನ್ನು ನೋಡುವುದು, ಮತ್ತೆ ಬಗ್ಗಿ ಕಾಲೆಲ್ಲಿದೆಯೆಂದು ನೋಡುವುದು, ಅಷ್ಟರಲ್ಲಿ ಬಾಣ ದಾಟಿಹೋಗುವುದು. ಪತ್ರಿಕೆಯ ಮರೆಯಿಂದ ನನ್ನ ತಾಳದ ತಪ್ಪನ್ನು ಹಿಡಿದ ಕಿವಿ ಅದು. ಕಾಲು ಮಾತ್ರ ಆ ಕಿವಿಯ ಮಾತನ್ನು ಕೇಳುತ್ತಿರಲಿಲ್ಲ. ಒಂದು ದಿನ ಬೇಸತ್ತು ಹೇಳಿದರು: "ನೆಲವೇ ಸರಿಯಿಲ್ಲ ಕಣೋ. ಹತ್ತಿ ಹಾಸಿಗೆ ಮೇಲೆ ನಿಂತ ಹಾಗಿದೆ."

ಅಮ್ಮನಿಗೆ ಅಷ್ಟು ಸಾಕಾಗಿತ್ತು. ಗಾದೆಯನ್ನು ಪೂರ್ತಿಯಾಗಿ, ರಾಗವಾಗಿ ಹೇಳಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪನೂ ನಕ್ಕರು. ಆ ನಗು ಸ್ವಲ್ಪ ತಡವಾಗಿ ಬಂತೆಂಬುದು ಈಗ ನೆನಪಾಗುತ್ತದೆ.

ಗೋಣಿಚೀಲ ಮೆತ್ತಗಾಗಿರಬೇಕೆಂದು ಮರುದಿನ ಅದನ್ನು ತೆಗೆದು ಒಂದು ಪ್ಲೈವುಡ್ ಹಲಗೆ ಹಾಕಿ, ಚಾಪೆಯ ನಾಲ್ಕು ಮೂಲೆಗೂ ಟೇಪು ಅಂಟಿಸಿದೆ. ನಾನು ನಿಂತು ನೋಡಿದೆ, ಕಲ್ಲಿನಂತಿತ್ತು. ಅಪ್ಪ ನಿಂತರು. "ಹಾಗೇ ಇದೆಯಲ್ಲೋ, ಹತ್ತಿ" ಎಂದರು. ಅದೇ ಹೊತ್ತಿಗೆ ಕರೆಂಟು ಹೋಯಿತು.

ಕತ್ತಲಲ್ಲಿ ಅವರು ವಾಲಿದ ಸದ್ದು ಕೇಳಿತು. ಚಾಪೆಯ ಮೇಲೆ ಸುಮ್ಮನೆ ನಿಂತ ಮನುಷ್ಯ, ಕುಣಿಯುತ್ತಿರಲಿಲ್ಲ, ತಿರುಗುತ್ತಿರಲಿಲ್ಲ; ಬೆಳಕು ಹೋಯಿತೆಂಬ ಒಂದೇ ಕಾರಣಕ್ಕೆ ಬೀಳತೊಡಗಿದ್ದರು. ಓಡಿಹೋಗಿ ತೋಳು ಹಿಡಿದೆ. ಅವರ ಮೈ ನಡುಗುತ್ತಿತ್ತು. ಅಮ್ಮ ದೀಪ ಹುಡುಕುತ್ತ ಒಳಗಿದ್ದಳು. ಆ ಕತ್ತಲಲ್ಲಿ ಮುಖ ಕಾಣುತ್ತಿರಲಿಲ್ಲವಾದ್ದರಿಂದಲೇ ಇರಬೇಕು, ಅಪ್ಪ ಮೆಲ್ಲಗೆ ಹೇಳಿದರು: "ಎರಡು ವರ್ಷದಿಂದ ಹೀಗೇ ಕಣಪ್ಪ. ಹೆಬ್ಬೆರಳಿಗೆ ಏನೂ ಗೊತ್ತಾಗಲ್ಲ. ಈಗ ಪಾದಕ್ಕೂ ಬಂದಿದೆ. ನಿಮ್ಮಮ್ಮನಿಗೆ ಹೇಳಬೇಡ."

ನಮ್ಮ ದೊಡ್ಡಪ್ಪನಿಗೂ ಇದೇ ಕಾಯಿಲೆಯಿತ್ತು. ಅವರ ಕಾಲಿನ ಎರಡು ಬೆರಳು ತೆಗೆದದ್ದನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಾದವರು ಅಪ್ಪ. ಆದ್ದರಿಂದಲೇ ಹೇಳಿರಲಿಲ್ಲ. ಹೇಳದಿದ್ದರೆ ಇಲ್ಲವಾದೀತೆಂಬ ನಂಬಿಕೆ ಓದಿದವರಿಗೂ ಇರುತ್ತದೆ. ಬಲಗೈ ಬೀಸಿ ಅಂಕ ಗಳಿಸಿದ ನಾನು ಅವರನ್ನು ಏನೆನ್ನಲಿ? ನಾನು ಯಂತ್ರಕ್ಕೆ ಮೋಸ ಮಾಡಿದ್ದೆ; ಅವರು ನಮಗೆ ಮಾಡಿದ್ದರು. ಇಬ್ಬರ ಲೆಕ್ಕವನ್ನೂ ಮೈ ಬರೆದಿಟ್ಟುಕೊಂಡಿತ್ತು.

ಅಮ್ಮನಿಗೆ ಹೇಳಿದೆ. ಇದೊಂದು ವಿಷಯದಲ್ಲಿ ತಂದೆಯ ಮಾತು ಮೀರಿದ ಮಗ ನಾನು. ಮರುದಿನವೇ ಮೂವರೂ ಡಾಕ್ಟರಲ್ಲಿಗೆ ಹೋದೆವು. ಅವರು ಅಪ್ಪನ ಕಣ್ಣು ಮುಚ್ಚಿಸಿ, ನೈಲಾನಿನ ಸಣ್ಣ ಎಳೆಯೊಂದರಿಂದ ಪಾದದ ಅಲ್ಲಲ್ಲಿ ಮುಟ್ಟಿ, "ಗೊತ್ತಾದರೆ ಹೇಳಿ" ಎಂದರು. ಬಹಳ ಹೊತ್ತು ಅಪ್ಪ ಏನೂ ಹೇಳಲಿಲ್ಲ. ಇನ್ನೂ ಮುಟ್ಟಿಲ್ಲವೆಂದು ಅವರು ತಿಳಿದಿದ್ದರು. ಆಮೇಲೆ ಶ್ರುತಿ ನೋಡುವಂಥ ಲೋಹದ ಕವೆಯೊಂದನ್ನು ಮಿಡಿದು, ಅದು ಝೇಂಕರಿಸುತ್ತಿರುವಾಗಲೇ ಹೆಬ್ಬೆರಳಿನ ಮೂಳೆಯ ಮೇಲಿಟ್ಟರು. ಅಪ್ಪ ಹೇಳಿದ ಮಾತು ನನಗಿನ್ನೂ ಮರೆತಿಲ್ಲ: "ಕಿವಿಗೆ ಕೇಳ್ತಾ ಇದೆ ಡಾಕ್ಟ್ರೇ. ಬೆರಳಿಗೆ ಕೇಳ್ತಾ ಇಲ್ಲ."

ಬಹುಕಾಲದ ಸಕ್ಕರೆಯಿಂದ ಕಾಲಿನ ನರಗಳು ಸೊರಗುತ್ತವೆಯೆಂದು ಡಾಕ್ಟರು ವಿವರಿಸಿದರು. ನೆಲ ಹತ್ತಿಯಂತೆ ತೋರುವುದು ಅದರ ಲಕ್ಷಣ. ಕಾಲು ಎಲ್ಲಿದೆಯೆಂಬ ವರದಿ ಪಾದದಿಂದ ಬಾರದಾದಾಗ ಮನುಷ್ಯ ಕಣ್ಣಿನಿಂದ ಆ ಕೆಲಸ ಮಾಡಿಸುತ್ತಾನೆ. ಕತ್ತಲಾದರೆ ಅದೂ ಹೋಗುತ್ತದೆ, ಬೀಳುತ್ತಾನೆ. ಇದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ: ಗಾಯವಾದರೆ ತಿಳಿಯುವುದಿಲ್ಲ. ಹೀಗೆ ಹೇಳುತ್ತಲೇ ಪಾದವನ್ನು ಮೇಲೆತ್ತಿ ನೋಡಿದವರು ಸುಮ್ಮನಾದರು. ಹೆಬ್ಬೆರಳಿನ ಬುಡದಲ್ಲಿ, ದಪ್ಪ ಚರ್ಮದ ಅಂಚಿಗೆ, ಹುರುಳಿಕಾಳಿನಷ್ಟು ಹುಣ್ಣು. ಅಪ್ಪನಿಗೆ ಗೊತ್ತೇ ಇರಲಿಲ್ಲ. "ಈಗ ಬಂದದ್ದು ಒಳ್ಳೆಯದಾಯಿತು" ಎಂದರು ಡಾಕ್ಟರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ.

ಹುಣ್ಣು ಮಾಯುವವರೆಗೆ ಕುಣಿತ ಬಂದ್. ಬರಿಗಾಲಿನಲ್ಲಿ ಮನೆಯೊಳಗೂ ನಡೆಯಕೂಡದು. ದಿನವೂ ಪಾದವನ್ನು ಪರೀಕ್ಷಿಸಬೇಕು. ಅಮ್ಮ ತನ್ನ ಕೈಗನ್ನಡಿಯನ್ನು ಈ ಕೆಲಸಕ್ಕೆ ಇಟ್ಟಳು. ಸಂಜೆ ಆರಕ್ಕೆ ಸರಿಯಾಗಿ ಅಪ್ಪನ ಪಾದಗಳನ್ನು ಸ್ಟೂಲಿನ ಮೇಲಿರಿಸಿ, ಕನ್ನಡಿ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವ ಶ್ರದ್ಧೆಯಿಂದ ನೋಡುತ್ತಿದ್ದಳು. ಗಾದೆಯ ಮಾತು ಮತ್ತೆ ಅವಳ ಬಾಯಿಂದ ಬರಲಿಲ್ಲ. ನಾನು ಒಬ್ಬನೇ ಕುಣಿಯಲು ಮನಸ್ಸಾಗದೆ ಚಾಪೆ ಸುತ್ತಿಟ್ಟೆ.

ಅದನ್ನು ಬಿಡಿಸಿದವರು ಅಪ್ಪನೇ. "ನೀನ್ಯಾಕೆ ನಿಲ್ಲಿಸ್ದೆ? ತುಳಿ, ನಾನು ತಾಳ ಹೇಳ್ತೀನಿ" ಎಂದರು. ಕುರ್ಚಿಯಲ್ಲಿ ಕುಳಿತು, ತೊಡೆ ತಟ್ಟುತ್ತ, ಮದ್ದಳೆಯ ನುಡಿಗಳನ್ನು ಬಾಯಲ್ಲಿಯೇ ನುಡಿಸಿದರು: ತಕಧಿಮಿ ತಕಜಣು, ತಕಿಟ ತಕಿಟ. ನನಗೊಂದು ಯೋಚನೆ ಹೊಳೆಯಿತು. ಮೊಬೈಲಿನಲ್ಲಿ ಅವರ ದನಿಯನ್ನು ಹಿಡಿದುಕೊಂಡೆ. ಸ್ಟೆಪ್‌ಮೇನಿಯಾದಲ್ಲಿ ಅದಕ್ಕೆ ಬಾಣಗಳನ್ನು ಜೋಡಿಸಲು ಕುಳಿತೆ.

ಅದು ಸುಲಭದ ಕೆಲಸವಾಗಿರಲಿಲ್ಲ. ಯಂತ್ರದ ಹಾಡುಗಳಲ್ಲಿ ಸಾಮಾನ್ಯವಾಗಿ ಬಡಿತದ ವೇಗ ಒಂದೇ ಸಮನಾಗಿರುತ್ತದೆ. ಮೊದಲ ಬಡಿತ ಎಲ್ಲಿ ಬೀಳುತ್ತದೆ, ನಿಮಿಷಕ್ಕೆ ಎಷ್ಟು ಬೀಳುತ್ತವೆ ಎಂಬ ಎರಡು ಸಂಖ್ಯೆ ಕೊಟ್ಟರೆ ಮುಗಿಯಿತು. ಬಯಲಾಟದವರು ಹಾಗಲ್ಲ. ಅಪ್ಪ ನಿಮಿಷಕ್ಕೆ 90ರಲ್ಲಿ ಶುರುಮಾಡಿ, ಹುರುಪು ಬಂದಂತೆ ಏರಿಸಿ, ಕೊನೆಗೆ 130ನ್ನು ದಾಟಿದ್ದರು. ನಾಲ್ಕು ನಾಲ್ಕು ಬಡಿತಕ್ಕೊಮ್ಮೆ ವೇಗವನ್ನು ತಿದ್ದುತ್ತ ಹನ್ನೆರಡು ರಾತ್ರಿ ಕುಳಿತೆ. ಪರೀಕ್ಷೆಗೆ ಅಷ್ಟು ಓದಿದ್ದರೆ ನನ್ನ ಅಧ್ಯಾಪಕರು ಸಂತೋಷಪಡುತ್ತಿದ್ದರು. ಆದರೆ ಆ ಹನ್ನೆರಡು ರಾತ್ರಿಗಳಲ್ಲಿ, ಕಿವಿಗೆ ಸಿಕ್ಕಿಸಿಕೊಂಡು ಮತ್ತೆ ಮತ್ತೆ ಕೇಳಿದ ಆ ದನಿಯಲ್ಲಿ, ನಾನು ಎಂದೂ ನೋಡದಿದ್ದ ಇಪ್ಪತ್ತು ವರ್ಷದ ತರುಣನೊಬ್ಬನ ಪರಿಚಯವಾಯಿತು.

ಐದು ವಾರಕ್ಕೆ ಹುಣ್ಣು ಮಾಯಿತು. ಡಾಕ್ಟರು ಪಾದ ನೋಡಿ, ಆಟದ ವಿವರ ಕೇಳಿ, ಷರತ್ತುಗಳೊಡನೆ ಒಪ್ಪಿದರು: ಮೆತ್ತನೆಯ, ಸರಿಯಾದ ಅಳತೆಯ ಬೂಟು ಹಾಕಿರಬೇಕು, ನೆಗೆಯಬಾರದು, ಕೈಗೆ ಸಿಕ್ಕುವಂತೆ ಗಟ್ಟಿಯಾದ ಕುರ್ಚಿ ಪಕ್ಕದಲ್ಲಿರಬೇಕು, ದೀಪವಿಲ್ಲದೆ ಆಡಬಾರದು. ಹೋದ ಸ್ಪರ್ಶ ಮರಳಿ ಬರುವುದು ಕಷ್ಟ, ಇರುವುದನ್ನು ಉಳಿಸಿಕೊಳ್ಳುವುದೇ ಗುರಿ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಎರಡೆರಡು ಬಾಣ ಒಟ್ಟಿಗೆ ಬರುವ ಕಡೆ ನೆಗೆಯಬೇಕಾಗುವುದರಿಂದ ಅವನ್ನೆಲ್ಲ ನಾನು ತೆಗೆದುಹಾಕಿದೆ.

ಆಮೇಲಿನ ಮೂರು ತಿಂಗಳು ದಿನವೂ ಇಪ್ಪತ್ತಲ್ಲದಿದ್ದರೂ ಹನ್ನೆರಡು ಹಾಡಿಗೆ ಅಪ್ಪ ತಪ್ಪಲಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯೊಂದಿದೆ, ಅದು 8.9ರಿಂದ 7.8ಕ್ಕೆ ಇಳಿಯಿತು. ಇದರಲ್ಲಿ ಬದಲಾಯಿಸಿದ ಮಾತ್ರೆಯ ಪಾಲೆಷ್ಟು, ಅಮ್ಮ ಕಡಿಮೆ ಮಾಡಿದ ಅನ್ನದ ಪಾಲೆಷ್ಟು, ಬಾಣಗಳ ಪಾಲೆಷ್ಟು ಎಂದು ಬಿಡಿಸಿ ಹೇಳಲು ಡಾಕ್ಟರಿಗೂ ಆಗಲಿಲ್ಲ. ಆಟದಿಂದ ಕಾಯಿಲೆ ಗುಣವಾಯಿತೆಂದು ನಾನು ಸಾರುತ್ತಿಲ್ಲ. ಬೀದಿಯಲ್ಲಿ ನಡೆಯಲೊಲ್ಲದ ಕಾಲು ಮನೆಯಲ್ಲಿ ನಲಿವಿಗಾಗಿ ಎದ್ದಿತು. ಎದ್ದದ್ದರಿಂದ ಅದರ ನೋವಿಲ್ಲದ ನೋವು ಹೊರಬಿತ್ತು. ಕೈ, ಕಾಲು, ಮೈ ನೋಡುವ ಯಂತ್ರಗಳು ಮೂರೂ ನೋಡಲಾರದ್ದು ಎಂದೆನಲ್ಲ, ಅದು ಇದೇ. ಯಂತ್ರ ಬರೆದದ್ದು 'ಮಿಸ್' ಎಂದಷ್ಟೇ. ಅದು ಏಕೆ ತಪ್ಪಿತೆಂದು ಕೇಳಬೇಕಾದವರು ಪಕ್ಕದಲ್ಲಿ ನಿಂತವರು. ನಾನು ಎರಡು ವಾರ ಕೇಳಲಿಲ್ಲ, ಗಾದೆ ಕೇಳಿ ನಕ್ಕೆ.

ನನ್ನ ಸಂಗತಿಯೂ ಒಂದಿಷ್ಟು ಹೇಳಿ ಮುಗಿಸುತ್ತೇನೆ. ಈ ವರ್ಷ ನಮ್ಮ ಗುರುಗಳು ಹೊಸ ತರಗತಿಯನ್ನು ಕೋಟೆಗೆ ಕರೆದೊಯ್ದಾಗ ನಾನೂ ಜೊತೆಗೆ ಹೋದೆ. ಓಬವ್ವನ ಕಿಂಡಿ ದಾಟಿದೆ, ಕುಳಿತುಕೊಳ್ಳದೆ ಮೇಲೇರಿದೆ. ಗುರುಗಳು ಕೊಡೆಯನ್ನು ಊರಿ ನನಗಿಂತ ಮೊದಲೇ ಅಲ್ಲಿದ್ದರು. "ಪರವಾಗಿಲ್ಲವಯ್ಯ, ಹೈದರಾಲಿ ಇನ್ನೊಂದು ವಾರ ಕಾಯಬೇಕಾಗುತ್ತಿತ್ತು" ಎಂದರು. ಅವರಿಂದ ಅಷ್ಟು ಬಂದರೆ ಪ್ರಥಮ ದರ್ಜೆ ಬಂದಂತೆ.

ಆ ಸಂಜೆ ಮನೆಗೆ ಬಂದಾಗ ಅಪ್ಪ ತಮ್ಮದೇ ದನಿಗೆ ಹೆಜ್ಜೆ ಹಾಕುತ್ತಿದ್ದರು. ಪಂಚೆ ಮೇಲಕ್ಕೆ ಕಟ್ಟಿ, ಕಾಲಿಗೆ ಬಿಳಿಯ ಬೂಟು, ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ. ಕಣ್ಣು ಈಗಲೂ ಆಗಾಗ ಕೆಳಕ್ಕೆ ಹೋಗುತ್ತದೆ, ಹೋಗಲೇಬೇಕು. ಹಾಡು ಮುಗಿಯಿತು; ಇದಕ್ಕೆ ಮುಕ್ತಾಯವಿತ್ತು, ನಾನೇ ಇಟ್ಟಿದ್ದೆ. ಪರದೆಯ ಮೇಲೆ 'ಸಿ' ಎಂದು ದರ್ಜೆ ಬಿತ್ತು.

"ಮೇಷ್ಟ್ರಿಗೇ ಸಿ!" ಎಂದಳು ಅಮ್ಮ ಬಾಗಿಲಿನಿಂದ. ಆಮೇಲೆ, ಬಹಳ ದಿನಗಳ ಮೇಲೆ, ಹೆದರಿ ಹೆದರಿ ಕೇಳಿದಳು: "ಏನ್ರೀ, ನೆಲ ಹೇಗಿದೆ?"

ಅಪ್ಪ ಉಸಿರು ತಿರುಗಿಸಿಕೊಂಡು ಹೇಳಿದರು: "ನೆಲ ನೆಟ್ಟಗೇ ಇದೆ ಕಣೇ. ಕುಣಿಯೋನೇ ಸ್ವಲ್ಪ ಡೊಂಕು. ಇನ್ನೊಂದು ಹಾಕೋ."